ಇವಾನ್ ವಸೀಲ್ಯೆವಿಚ್ ಕಸುಬು ಬದಲಿಸುತ್ತಾನೆ

ಲಿಯೊನಿದ್ ಗೈದಾಯ್ ನಿರ್ದೇಶನದಲ್ಲಿ ಮಾಸ್ಕೋದ ಮೋಸ್‌ಫಿಲ್ಮ್ ಸ್ಟುಡಿಯೋ ತಯಾರಿಸಿ 1973ರಲ್ಲಿ ಬಿಡುಗಡೆ ಮಾಡಿದ ರಷ್ಯನ್ ಹಾಸ್ಯಚಿತ್ರ. ಕಾಲಪ್ರಯಾಣ ಇದರ ವಸ್ತು. ರಷ್ಯನ್ ಹೆಸರು ‘ಇವಾನ್ ವಸೀಲ್ಯೆವಿಚ್ ಮೆನ್ಯಾಯೆತ್ ಪ್ರೊಫೆಸ್ಸಿಯು’. ಮಿಖಾಯಿಲ್ ಬುಲ್ಗಾಕೋವ್ 1930ರ ದಶಕದಲ್ಲಿ ಬರೆದ ‘ಇವಾನ್ ವಸೀಲ್ಯೆವಿಚ್’ ನಾಟಕ ಇದರ ಮೂಲ. ಮಾಸ್ಕೋದ ಒಂದು ಫ್ಲ್ಯಾಟಿನಲ್ಲಿ ಎಂಜಿನಿಯರನೊಬ್ಬ ಕಟ್ಟಿದ ಕಾಲಯಂತ್ರದ ದೆಸೆಯಿಂದ 16ನೆಯ ಶತಮಾನದ ಜಾರ್ ದೊರೆ ಭಯಂಕರ ಇವಾನ್ 20ನೆಯ ಶತಮಾನಕ್ಕೆ ಬಂದುಬೀಳುತ್ತಾನೆ. ಅವನ ತದ್ರೂಪಿಯಾದ, ಅದೇ ಕಟ್ಟಡದ ಮೇಲ್ವಿಚಾರಕ ಅತ್ತ ಸಿಂಹಾಸನ ಏರುತ್ತಾನೆ. ಈ ಅದಲುಬದಲೇ ಕಥೆಯ ತಿರುಳು. ಸೋವಿಯತ್ ಒಕ್ಕೂಟದಲ್ಲಿ 6.07 ಕೋಟಿ ಪ್ರೇಕ್ಷಕರನ್ನು ಸೆಳೆದ ಚಿತ್ರ ಇದು.

ಮೂಲ ನಾಟಕ

ಬುಲ್ಗಾಕೋವ್ (1891–1940) ಈ ವಸ್ತುವನ್ನು ಎರಡು ಸಲ ಕೈಗೆತ್ತಿಕೊಂಡ. 1934ರಲ್ಲಿ ಬರೆದ ‘ಬ್ಲಜೆನ್‌ಸ್ತ್ವೊ’ (ಪರಮಾನಂದ) ಮೊದಲನೆಯದು. ಅದರಲ್ಲಿ ರೈನ್ ಎಂಬ ಸಂಶೋಧಕ ಕಾಲಯಂತ್ರದಿಂದ 2222ನೆಯ ಇಸವಿಯ ಆದರ್ಶ ಸಮಾಜವನ್ನು ತಲುಪುತ್ತಾನೆ. ಭಯಂಕರ ಇವಾನ್ ಅಲ್ಲಿ ಅಂಚಿನ ಪಾತ್ರ. ನಾಟಕವನ್ನು ಕೇಳಿದ ಮಾಸ್ಕೋದ ವಿಡಂಬನಾ ರಂಗಮಂದಿರದವರಿಗೆ ಭವಿಷ್ಯದ ಭಾಗಕ್ಕಿಂತ ದೊರೆಯ ಭಾಗವೇ ಹಿಡಿಸಿತು. ಆಗ ಲೇಖಕ ಭವಿಷ್ಯವನ್ನು ಪೂರ್ತಿ ಕೈಬಿಟ್ಟು, ಇವಾನನನ್ನು ನಡುವಿಗೆ ತಂದು ಹೊಸ ನಾಟಕ ಬರೆದ. ಇಡೀ ಘಟನೆಯನ್ನು ಎಂಜಿನಿಯರ್ ತಿಮೊಫೆಯೆವ್ ಕಂಡ ಕನಸಾಗಿ ಮುಗಿಸುವ ಚೌಕಟ್ಟು ಪರಿಷ್ಕೃತ ಪ್ರತಿಯಲ್ಲಿ ಸೇರಿತು. ಸೆನ್ಸಾರ್ ಕಣ್ಣಿಗೆ ಕನಸು ನಿಜಕ್ಕಿಂತ ಕಡಿಮೆ ಅಪಾಯಕಾರಿ.

ಆ ಎಚ್ಚರಿಕೆಯೂ ಫಲಿಸಲಿಲ್ಲ. 1936ರ ಮಾರ್ಚ್‌ನಲ್ಲಿ ‘ಪ್ರಾವ್ದಾ’ ಪತ್ರಿಕೆಯ ಟೀಕೆಯ ಬೆನ್ನಿಗೇ ಬುಲ್ಗಾಕೋವನ ಮೋಲಿಯೇರ್ ಕುರಿತ ನಾಟಕ ರಂಗದಿಂದ ಇಳಿದಿತ್ತು. ಅದೇ ವರ್ಷ ಮೇ 13ರಂದು ‘ಇವಾನ್ ವಸೀಲ್ಯೆವಿಚ್’ನ ವೇಷಭೂಷಣ ಸಹಿತ ತಾಲೀಮು ಪಕ್ಷದ ಅಧಿಕಾರಿಗಳ ಎದುರು ನಡೆಯಿತು, ಆಮೇಲೆ ಪ್ರದರ್ಶನವನ್ನು ನಿಷೇಧಿಸಲಾಯಿತು. ಲೇಖಕ ಬದುಕಿರುವವರೆಗೆ ಅದು ರಂಗವನ್ನೂ ಕಾಣಲಿಲ್ಲ, ಅಚ್ಚನ್ನೂ ಕಾಣಲಿಲ್ಲ. ಮೊದಲ ಬಾರಿಗೆ ಮುದ್ರಣಗೊಂಡದ್ದು 1965ರಲ್ಲಿ, ಅವನು ತೀರಿಕೊಂಡು ಕಾಲು ಶತಮಾನ ಕಳೆದ ಮೇಲೆ.

ನಿರ್ಮಾಣ

ಗೈದಾಯ್ (1923–1993) ಆ ಹೊತ್ತಿಗಾಗಲೇ ಸೋವಿಯತ್ ಹಾಸ್ಯಚಿತ್ರಗಳ ಅತ್ಯಂತ ಯಶಸ್ವಿ ನಿರ್ದೇಶಕ. ‘ಆಪರೇಷನ್ ವೈ’ (1965), ‘ಕಾಕಸಸ್‌ನ ಕೈದಿ ಹುಡುಗಿ’ (1967), ‘ವಜ್ರದ ಕೈ’ (1968) ಚಿತ್ರಗಳು ಒಂದೊಂದೂ ಆರೇಳು ಕೋಟಿ ಜನರನ್ನು ಸೆಳೆದಿದ್ದವು. 1971ರಲ್ಲಿ ಇಲ್ಫ್ ಮತ್ತು ಪೆತ್ರೊವ್ ಜೋಡಿಯ ‘ಹನ್ನೆರಡು ಕುರ್ಚಿಗಳು’ ಕಾದಂಬರಿಯನ್ನು ಚಿತ್ರವಾಗಿಸಿದ ಮೇಲೆ ಆತ ಬುಲ್ಗಾಕೋವನತ್ತ ತಿರುಗಿದ. ವ್ಲಾದ್ಲೆನ್ ಬಾಖ್ನೊವ್ ಮತ್ತು ಗೈದಾಯ್ ಸೇರಿ ಚಿತ್ರಕಥೆ ಬರೆದರು. ಸೆರ್ಗೆಯ್ ಪಲುಯಾನೊವ್ ಮತ್ತು ವಿತಾಲಿ ಅಬ್ರಾಮೊವ್ ಛಾಯಾಗ್ರಾಹಕರು; ಸಂಗೀತ ಅಲೆಕ್ಸಾಂದ್ರ್ ಜತ್ಸೇಪಿನ್, ಗೀತರಚನೆ ಲಿಯೊನಿದ್ ದೆರ್ಬೆನ್ಯೊವ್. ಚಿತ್ರದ ಅವಧಿ ಸುಮಾರು ಒಂದೂವರೆ ಗಂಟೆ.

ದ್ವಿಪಾತ್ರವನ್ನು ಮೊದಲು ಗೈದಾಯ್‌ನ ಮೆಚ್ಚಿನ ನಟ ಯೂರಿ ನಿಕುಲಿನ್‌ಗೆ ನೀಡಲು ಯೋಚಿಸಲಾಗಿತ್ತು. ಆತ ಒಪ್ಪಲಿಲ್ಲ. ಕೊನೆಗೆ ವಖ್ತಾಂಗೊವ್ ರಂಗಮಂದಿರದ ಯೂರಿ ಯಾಕೋವ್ಲೆವ್ ಆಯ್ಕೆಯಾದ. ದಸ್ತಯೆವ್‌ಸ್ಕಿಯ ‘ಈಡಿಯಟ್’ ಆಧರಿಸಿದ 1958ರ ಚಿತ್ರದಲ್ಲಿ ರಾಜಕುಮಾರ ಮಿಶ್ಕಿನ್ ಆಗಿ ಹೆಸರು ಮಾಡಿದ್ದ ಈ ಗಂಭೀರ ನಟನಿಗೆ ಗೈದಾಯ್‌ನ ಓಟಾಟದ ಹಾಸ್ಯ ಹೊಸದಾಗಿತ್ತು.

ಹಳೆಯ ಮಾಸ್ಕೋದ ಹೊರಾಂಗಣ ದೃಶ್ಯಗಳನ್ನು ಮಾಸ್ಕೋದಲ್ಲಿ ತೆಗೆದಿಲ್ಲ. ಯಾರೊಸ್ಲಾವ್ಲ್ ಪ್ರಾಂತದ ರಸ್ತೋವ್ ಪಟ್ಟಣದ ಕ್ರೆಮ್ಲಿನ್ ಕೋಟೆಯೇ ದೊರೆಯ ಅರಮನೆಯಾಯಿತು. ವಾಸ್ತವದಲ್ಲಿ ಅದು ರಾಜನ ಕೋಟೆಯೂ ಅಲ್ಲ, ಇವಾನನ ಕಾಲದ್ದೂ ಅಲ್ಲ: ಮೆಟ್ರೊಪಾಲಿಟನ್ ಇಯೋನಾ ಸಿಸೊಯೆವಿಚ್ ಎಂಬ ಧರ್ಮಾಧ್ಯಕ್ಷ 1670–1683ರ ನಡುವೆ, ಅಂದರೆ ಇವಾನ್ ಸತ್ತು ಹೆಚ್ಚುಕಡಿಮೆ ಒಂದು ಶತಮಾನದ ನಂತರ, ತನ್ನ ನಿವಾಸಕ್ಕೆಂದು ಕಟ್ಟಿಸಿದ್ದು. 1953ರ ಬಿರುಗಾಳಿಗೆ ಅದರ ಛಾವಣಿಗಳು ಹಾರಿಹೋಗಿ, ಬಳಿಕ ಜೀರ್ಣೋದ್ಧಾರವಾಗಿತ್ತು. ಗೋಡೆಯ ಮೇಲಿನ ಮುಚ್ಚಿದ ಓಣಿಗಳು, ಮೆಟ್ಟಿಲುಗಳು, ಒಂದರೊಳಗೊಂದು ತೆರೆದುಕೊಳ್ಳುವ ಬಾಗಿಲುಗಳು ಬೆನ್ನಟ್ಟುವ ದೃಶ್ಯಗಳಿಗೆ ಹೇಳಿಮಾಡಿಸಿದಂತಿದ್ದವು. 20ನೆಯ ಶತಮಾನದ ಕೆಲವು ದೃಶ್ಯಗಳನ್ನು ಮಾಸ್ಕೋದ ಜೊತೆಗೆ ಕ್ರಿಮಿಯದ ಯಾಲ್ಟಾದಲ್ಲೂ ಚಿತ್ರೀಕರಿಸಲಾಯಿತು.

ಕಥಾವಸ್ತು

ರಷ್ಯನ್ನರಲ್ಲಿ ಗೌರವದ ಸಂಬೋಧನೆ ಎಂದರೆ ಸ್ವಂತ ಹೆಸರಿನೊಡನೆ ತಂದೆಯ ಹೆಸರನ್ನು ಸೇರಿಸಿ ಕರೆಯುವುದು. ವಸೀಲಿಯ ಮಗ ಇವಾನ್ ಎಂಬರ್ಥದ ‘ಇವಾನ್ ವಸೀಲ್ಯೆವಿಚ್’ ದೊರೆಗೂ ಸಲ್ಲುತ್ತದೆ, ಕಟ್ಟಡದ ಮೇಲ್ವಿಚಾರಕನಿಗೂ ಸಲ್ಲುತ್ತದೆ. ಮುಖವೂ ಒಂದೇ, ಹೆಸರೂ ಒಂದೇ.

ಎಂಜಿನಿಯರ್ ಅಲೆಕ್ಸಾಂದ್ರ್ ತಿಮೊಫೆಯೆವ್, ಅಂದರೆ ಶೂರಿಕ್, ತನ್ನ ಫ್ಲ್ಯಾಟಿನಲ್ಲಿ ಕಾಲಯಂತ್ರದ ಪ್ರಯೋಗ ನಡೆಸುತ್ತಾನೆ. ಅದರಿಂದ ಇಡೀ ಕಟ್ಟಡದ ವಿದ್ಯುತ್ತು ಕೈಕೊಡುತ್ತದೆ. ಒಂದು ಸ್ಫೋಟದಲ್ಲಿ ಅವನ ತಲೆಗೆ ಪೆಟ್ಟು ಬೀಳುತ್ತದೆ. ಅಲ್ಲಿಯವರೆಗೆ ಕಪ್ಪುಬಿಳುಪಿನಲ್ಲಿದ್ದ ಚಿತ್ರ ಅಲ್ಲಿಂದ ಬಣ್ಣಕ್ಕೆ ತಿರುಗುತ್ತದೆ. ನಟಿಯಾದ ಹೆಂಡತಿ ಜೀನಾ ಮನೆಗೆ ಬಂದು, ತಾನು ಚಿತ್ರನಿರ್ದೇಶಕ ಯಾಕಿನ್‌ನೊಡನೆ ಹೊರಟೆನೆಂದು ತಣ್ಣಗೆ ತಿಳಿಸಿ ಹೋಗುತ್ತಾಳೆ. ಅತ್ತ ಪಕ್ಕದ ಮನೆಯ ದಂತವೈದ್ಯ ಶ್ಪಾಕ್ ಕೆಲಸಕ್ಕೆ ಹೋಗಿರುವಾಗ ಜಾರ್ಜ್ ಮಿಲಸ್ಲಾವ್‌ಸ್ಕಿ ಎಂಬ ಕಳ್ಳ ಅವನ ಫ್ಲ್ಯಾಟಿಗೆ ನುಗ್ಗಿರುತ್ತಾನೆ. ಯಂತ್ರದ ನೋಂದಣಿ ಆಗಿಲ್ಲವೆಂದು ತಗಾದೆ ತೆಗೆದು ಮೇಲ್ವಿಚಾರಕ ಬುನ್ಶಾ ಶೂರಿಕ್‌ನ ಮನೆಗೆ ಬರುತ್ತಾನೆ. ಯಂತ್ರ ಚಾಲೂ ಆದಾಗ ಮೊದಲು ಮಾಯವಾಗುವುದು ಎರಡು ಮನೆಗಳ ನಡುವಿನ ಗೋಡೆ. ಅದರಾಚೆ ಕದ್ದ ಮನೆಯಲ್ಲಿ ಆರಾಮವಾಗಿದ್ದ ಕಳ್ಳ ಕಾಣಿಸುತ್ತಾನೆ. ಗೋಡೆಗಳನ್ನು ಇಲ್ಲವಾಗಿಸುವ ಯಂತ್ರದ ಉಪಯೋಗ ಅವನಿಗೆ ಯಾರೂ ವಿವರಿಸಬೇಕಾಗಿಲ್ಲ.

ಎರಡನೆಯ ಸಲ ತೆರೆದುಕೊಳ್ಳುವುದು ಭಯಂಕರ ಇವಾನನ ಕೋಣೆ. ಗಾಬರಿಯಾದ ದೊರೆ ಓಡಿ ಶೂರಿಕ್‌ನ ಮನೆ ಸೇರುತ್ತಾನೆ, ಬುನ್ಶಾ ಮತ್ತು ಕಳ್ಳ ಅರಮನೆಯಲ್ಲಿ ಸಿಕ್ಕಿಬೀಳುತ್ತಾರೆ. ಕಾವಲುಗಾರನ ಆಯುಧ ತಗುಲಿ ಯಂತ್ರ ಕೆಡುತ್ತದೆ. ಶೂರಿಕ್ ಬಿಡಿಭಾಗಗಳಿಗಾಗಿ ಪೇಟೆಗೆ ಓಡಿದರೆ ಅಂಗಡಿಗಳು ಊಟದ ವಿರಾಮಕ್ಕೆ ಮುಚ್ಚಿವೆ. ಕೊನೆಗೆ ಸಿಗುವವನು ಕೋಟಿನ ಒಳಮೈಯಲ್ಲಿ ಸಾಲಾಗಿ ರೇಡಿಯೋ ಭಾಗಗಳನ್ನು ತೂಗುಹಾಕಿಕೊಂಡ ಕಾಳಸಂತೆಯವನು. 1970ರ ದಶಕದ ಸೋವಿಯತ್ ಗ್ರಾಹಕನಿಗೆ ಇದು ವೈಜ್ಞಾನಿಕ ಕಲ್ಪನೆಯಲ್ಲ, ದಿನನಿತ್ಯದ ಅನುಭವ.

ಅರಮನೆಯ ಭಾಗದಲ್ಲಿ ಬುನ್ಶಾ ರಾಜವೇಷ ತೊಟ್ಟು ಒಲ್ಲದ ಮನಸ್ಸಿನಿಂದ ದೊರೆಯಾಗುತ್ತಾನೆ. ಕಳ್ಳ ರಾಜಕುಮಾರ ಮಿಲಸ್ಲಾವ್‌ಸ್ಕಿ ಎಂದು ಹೇಳಿಕೊಂಡು ರಾಜ್ಯಭಾರ ವಹಿಸಿಕೊಳ್ಳುತ್ತಾನೆ. ಇಜ್ಯೂಮ್ ದಾರಿಯಲ್ಲಿ ಬರುತ್ತಿರುವ ಕ್ರಿಮಿಯದ ಖಾನನ ವಿರುದ್ಧ ಸೈನ್ಯ ಕಳಿಸುವುದು, ಸ್ವೀಡನ್ನಿನ ರಾಯಭಾರಿಯ ಜೊತೆ ಸಂಧಾನ, ಔತಣ ಎಲ್ಲವೂ ಇವರ ಕೈಯಲ್ಲೇ. ಜರ್ಮನ್ ಆಡುವ ರಾಯಭಾರಿಗೆ ದುಭಾಷಿ ಎಲ್ಲಿ ಎಂದು ಕೇಳಿದರೆ, ಇದ್ದ ಒಬ್ಬ ದುಭಾಷಿಯನ್ನು ಕುದಿಯುವ ನೀರಿನಲ್ಲಿ ಬೇಯಿಸಿಯಾಯಿತೆಂದು ಆಸ್ಥಾನದ ಕರಣಿಕ ಫೆಯೊಫಾನ್ ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳುತ್ತಾನೆ. ರಾಯಭಾರಿ ಕೇಳುವುದು ಕೆಮ್ ಸೀಮೆ. ಅದೆಲ್ಲಿದೆಯೋ ತಿಳಿಯದ ಬುನ್ಶಾ ತಕರಾರಿಲ್ಲದೆ ಕೊಟ್ಟುಬಿಡಲು ಹೊರಡುತ್ತಾನೆ. ಕಳ್ಳ ಅದಕ್ಕೆ ಅಡ್ಡಬರುತ್ತಾನೆ. ಈ ನಡುವೆ ರಾಯಭಾರಿಯ ಕೊರಳಿನ ಪದಕ ಕಳ್ಳನ ಕಿಸೆಗೆ ಇಳಿದು, ಓರೆ ಮಾಡಿದರೆ ಹೆಂಗಸಿನ ಚಿತ್ರ ಕಾಣುವ ಒಂದು ಪೆನ್ನು ರಾಯಭಾರಿಯ ಕೈಸೇರುತ್ತದೆ.

ಅತ್ತ ಶೂರಿಕ್‌ನ ಮನೆಯಲ್ಲಿ ದೊರೆ ಊಟಕ್ಕೆ ಕೂರುತ್ತಾನೆ. ವೋಡ್ಕಾ ಸುರಿದರೆ ವಿಷದ ಅಂಜಿಕೆಯಿಂದ ಮೊದಲು ನೀನು ಕುಡಿ ಎನ್ನುತ್ತಾನೆ. ಇದನ್ನು ಮನೆಯ ಉಗ್ರಾಣದವಳು ಭಟ್ಟಿ ಇಳಿಸಿದ್ದೇ ಎಂದು ಕೇಳಿದಾಗ ಶೂರಿಕ್ ಹೌದೆಂದು ತಲೆಯಾಡಿಸುತ್ತಾನೆ. ಟೇಪ್‌ರೆಕಾರ್ಡರಿನಲ್ಲಿ ಗಾಯಕ ವಿಸೋತ್ಸ್ಕಿಯ ಹಾಡು ಕೇಳುತ್ತಾನೆ. ಬಾಲ್ಕನಿಯಿಂದ ಹೊಸ ಮಾಸ್ಕೋವನ್ನು ನೋಡಿ ಬೆರಗಾಗುತ್ತಾನೆ. ಬುನ್ಶಾನ ಹೆಂಡತಿ ಉಲ್ಯಾನಾ ಅಂದ್ರೇಯೆವ್ನಾ ಅವನನ್ನೇ ಗಂಡನೆಂದು ಗದರುತ್ತಾಳೆ. ನಿರ್ದೇಶಕ ಯಾಕಿನ್ ಅವನನ್ನು ವೇಷ ಕಳಚದ ನಟನೆಂದು ಬಗೆದು ಅಭಿನಯಕ್ಕೆ ಭೇಷ್ ಎನ್ನುತ್ತಾನೆ. ನಿಜ ತಿಳಿದದ್ದೇ ಮಂಡಿಯೂರಿ, ಬಾಯಿಗೆ ಬಂದ ಹಳೆಗಾಲದ ಪದಗಳನ್ನೆಲ್ಲ ಒದರತೊಡಗುತ್ತಾನೆ. ಬರೀಸ್ ಗದುನೊವ್‌ನ ಕುರಿತು ಚಿತ್ರ ತಯಾರಾಗುತ್ತಿದೆ ಎಂಬ ಮಾತು ಕಿವಿಗೆ ಬಿದ್ದಾಗ ದೊರೆಗೆ ತೋಚುವುದು ಒಂದೇ ಅರ್ಥ: ತನ್ನ ಆಸ್ಥಾನಿಕ ಪಟ್ಟಕ್ಕೇರಿದ್ದಾನೆ.

ಕಳವಿನ ದೂರಿನ ಮೇಲೆ ಬಂದ ಪೊಲೀಸರು ದೊರೆಯನ್ನು ಹಿಡಿದು ವಿಚಾರಿಸುತ್ತಾರೆ. ಅರಮನೆಯಲ್ಲಿ ದೊರೆ ನಕಲಿಯೆಂಬ ಗುಮಾನಿ ಎದ್ದು ಕೋವಿಪಡೆ ಬೆನ್ನಟ್ಟುವಷ್ಟರಲ್ಲಿ ಯಂತ್ರ ರಿಪೇರಿಯಾಗಿ, ಬುನ್ಶಾ ಮತ್ತು ಕಳ್ಳ ಹಿಂದಿರುಗುತ್ತಾರೆ. ದೊರೆ ತನ್ನ ಕಾಲಕ್ಕೆ ಮರಳುತ್ತಾನೆ. ಶೂರಿಕ್ ಎಚ್ಚರಗೊಂಡಾಗ ತೆರೆ ಮತ್ತೆ ಕಪ್ಪುಬಿಳುಪು. ಜೀನಾ ಮನೆ ಬಿಟ್ಟು ಹೋಗಿಯೇ ಇಲ್ಲ.

ಪಾತ್ರವರ್ಗ

ಯೂರಿ ಯಾಕೋವ್ಲೆವ್ ಬುನ್ಶಾ ಮತ್ತು ದೊರೆ ಇವಾನ್ ಎರಡೂ ಆಗಿ ನಟಿಸಿದ್ದಾನೆ. ದೊರೆಗೆ ಗಡ್ಡವೂ ನೀಳಕೂದಲೂ ಇವೆಯಾದರೂ ಇಬ್ಬರನ್ನು ಬೇರ್ಪಡಿಸುವುದು ಮುಖ್ಯವಾಗಿ ದನಿ ಮತ್ತು ಮೈಕಟ್ಟು: ಒಬ್ಬನದು ಹೊಟ್ಟೆಯಾಳದ ಗುಡುಗು, ನೆಟ್ಟ ನೋಟ, ಇನ್ನೊಬ್ಬನದು ಹೆಂಡತಿಗೆ ಹೆದರಿ ಕುಗ್ಗಿದ ಹೆಗಲು, ಕೀರಲು ಮಾತು. ರಾಜವೇಷ ತೊಟ್ಟ ಬುನ್ಶಾ ನಡುನಡುವೆ ಕಟ್ಟಡದ ಮೇಲ್ವಿಚಾರಕನಾಗಿ ಜಾರಿಬೀಳುವ ಕ್ಷಣಗಳೇ ಈ ದ್ವಿಪಾತ್ರದ ಅತ್ಯಂತ ಕಠಿಣ ಭಾಗ.

ಲಿಯೊನಿದ್ ಕುರಾವ್ಲ್ಯೋವ್ ಕಳ್ಳ ಮಿಲಸ್ಲಾವ್‌ಸ್ಕಿಯಾಗಿಯೂ, ಅಲೆಕ್ಸಾಂದ್ರ್ ದೆಮ್ಯಾನೆಂಕೊ ಶೂರಿಕ್ ಆಗಿಯೂ ನಟಿಸಿದ್ದಾರೆ. ಶೂರಿಕ್ ಎಂಬ ಕನ್ನಡಕದ ಯುವಕ ಗೈದಾಯ್‌ನ 1965 ಮತ್ತು 1967ರ ಚಿತ್ರಗಳ ನಾಯಕನೂ ಹೌದು. ಬುಲ್ಗಾಕೋವನ ತಿಮೊಫೆಯೆವ್‌ನನ್ನು ಆ ಪರಿಚಿತ ಮುಖದೊಡನೆ ಬೆಸೆದದ್ದು ಚಿತ್ರಕಥೆಯ ಜಾಣತನ. ಜೀನಾ ಆಗಿ ನತಾಲ್ಯಾ ಸೆಲೆಜ್ನ್ಯೋವಾ, ಶ್ಪಾಕ್ ಆಗಿ ವ್ಲದೀಮಿರ್ ಎತುಶ್, ಯಾಕಿನ್ ಆಗಿ ಮಿಖಾಯಿಲ್ ಪುಗೋವ್ಕಿನ್, ಉಲ್ಯಾನಾ ಆಗಿ ನತಾಲ್ಯಾ ಕ್ರಚ್ಕೋವ್‌ಸ್ಕಯಾ, ರಾಣಿ ಮಾರ್ಫಾ ವಸೀಲ್ಯೆವ್ನಾ ಆಗಿ ನೀನಾ ಮಾಸ್ಲೊವಾ, ರಾಯಭಾರಿಯಾಗಿ ಸೆರ್ಗೆಯ್ ಫಿಲಿಪ್ಪೊವ್ ಕಾಣಿಸಿಕೊಂಡಿದ್ದಾರೆ. ಫೆಯೊಫಾನ್ ಪಾತ್ರದ ಸವೇಲಿ ಕ್ರಾಮರೊವ್ 1981ರಲ್ಲಿ ಅಮೆರಿಕಕ್ಕೆ ವಲಸೆ ಹೋದ. ಆ ಬಳಿಕ ಆತನಿದ್ದ ಚಿತ್ರಗಳ ಹೆಸರುಪಟ್ಟಿಯಿಂದ ಅವನ ಹೆಸರನ್ನು ಅಳಿಸುವ ಕ್ರಮ ಸೋವಿಯತ್ ಒಕ್ಕೂಟದಲ್ಲಿ ನಡೆಯಿತು.

ನಾಟಕದಿಂದ ಚಿತ್ರಕ್ಕೆ

ಚಿತ್ರ 1930ರ ದಶಕವನ್ನು ಬಿಟ್ಟು ಕಥೆಯನ್ನು ತನ್ನದೇ ಕಾಲಕ್ಕೆ ತಂದಿದೆ. ಗ್ರಾಮಫೋನಿನ ಜಾಗಕ್ಕೆ ಟೇಪ್‌ರೆಕಾರ್ಡರ್, ರೇಡಿಯೋ ಲ್ಯಾಂಪಿನ ಜಾಗಕ್ಕೆ ಟ್ರಾನ್ಸಿಸ್ಟರ್ ಬಂದಿವೆ. ನಾಟಕದ ಮೇಲ್ವಿಚಾರಕನ ಪೂರ್ಣ ಮನೆತನದ ಹೆಸರು ಬುನ್ಶಾ-ಕರೆತ್ಸ್ಕಿ. ಕ್ರಾಂತಿಯ ನಂತರದ ಕಾಲದಲ್ಲಿ ಶ್ರೀಮಂತ ವಂಶದ ಹುಟ್ಟು ಅಪಾಯಕಾರಿಯಾದ್ದರಿಂದ, ತಾನು ರಾಜಕುಮಾರನ ಮಗನಲ್ಲ, ಸಾರಥಿಯ ಮಗ ಎಂದು ಸಾಧಿಸಲು ಹೆಣಗುತ್ತಾನೆ. 1973ರ ಪ್ರೇಕ್ಷಕರಿಗೆ ಆ ಭಯ ಹಳತಾಗಿತ್ತು. ಗೈದಾಯ್ ಆ ಎಳೆಯನ್ನು ಬಿಟ್ಟು, ಎಲ್ಲದಕ್ಕೂ ನಿಯಮ ಹೇಳುವ ಸಣ್ಣ ಅಧಿಕಾರಿಯನ್ನು ಉಳಿಸಿಕೊಂಡ. ಕಳವಾದ ಸಾಮಾನುಗಳ ಪಟ್ಟಿ ಒಪ್ಪಿಸುವಾಗ ಪ್ರತಿಯೊಂದೂ ಮೂರು ಮೂರು ಇತ್ತೆನ್ನುವ ಶ್ಪಾಕ್, ವಿದೇಶಿ ವಸ್ತುಗಳ ಹಪಾಹಪಿಯಿದ್ದ ಆ ದಶಕದ ಮಧ್ಯಮವರ್ಗದ ಮಾದರಿ.

ಸೆನ್ಸಾರ್ ಚಿತ್ರದ ಮಾತುಗಳಲ್ಲೂ ಕೈಯಾಡಿಸಿತು. ವಾಸ ಎಲ್ಲಿ ಎಂಬ ಪೊಲೀಸರ ಪ್ರಶ್ನೆಗೆ ದೊರೆ ಮಾಸ್ಕೋದ ಕ್ರೆಮ್ಲಿನ್ ಎಂದು ಉತ್ತರಿಸಬೇಕಿತ್ತು. ಸೋವಿಯತ್ ಸರ್ಕಾರದ ವಿಳಾಸವೂ ಅದೇ ಆದ್ದರಿಂದ ಚಿತ್ರದಲ್ಲಿ ಅವನು ಬರೀ ಅರಮನೆ ಎನ್ನುತ್ತಾನೆ. ಔತಣದ ಖರ್ಚು ಯಾರದು ಎಂದು ಬುನ್ಶಾ ಕೇಳಿದಾಗ ‘ಜನರದು’ ಎಂಬ ಉತ್ತರವಿತ್ತು. ಅದರ ಜಾಗದಲ್ಲಿ, ಯಾರದಾದರೂ ಆಗಲಿ ನಮ್ಮದಂತೂ ಅಲ್ಲ ಎಂಬ ಅರ್ಥದ ಮಾತು ಬಂತು. ಎರಡನೆಯ ತಿದ್ದುಪಡಿ ಮೂಲಕ್ಕಿಂತ ಹೆಚ್ಚು ಜನಪ್ರಿಯವಾಯಿತೆಂಬುದು ಸೆನ್ಸಾರ್ ನಿರೀಕ್ಷಿಸಿರದ ಫಲ.

ಹಾಸ್ಯದ ಬಗೆ

ವೈಜ್ಞಾನಿಕ ಕಲ್ಪನೆಯೂ ಅಲ್ಲದ, ಪೂರಾ ವಾಸ್ತವವೂ ಅಲ್ಲದ, ಕಟ್ಟುನಿಟ್ಟಿನ ಇತಿಹಾಸವೂ ಅಲ್ಲದ ಚಿತ್ರ ಎಂದು ಹೆಸರುಪಟ್ಟಿಯಲ್ಲೇ ಘೋಷಿಸಲಾಗಿದೆ. ಗೈದಾಯ್‌ನ ಬೇರು ಮೂಕಿಚಿತ್ರಗಳ ಹಾಸ್ಯದಲ್ಲಿದೆ: ವೇಗ ಹೆಚ್ಚಿಸಿದ ಓಟ, ಬೀಳುವಿಕೆ, ಮಾತಿಲ್ಲದ ಕಳ್ಳತನ. ಇದರ ಜೊತೆಗೆ ಭಾಷೆಯ ಹಾಸ್ಯವಿದೆ. ಚರ್ಚಿನ ಹಳೆಯ ಸ್ಲಾವಿಕ್ ಛಾಯೆಯ ಆಸ್ಥಾನ ಭಾಷೆ ಮತ್ತು ಸೋವಿಯತ್ ಕಚೇರಿ ಭಾಷೆ ಒಂದೇ ಬಾಯಲ್ಲಿ ಸೇರುತ್ತವೆ. ಅನುವಾದದಲ್ಲಿ ಬಹುಪಾಲು ಸೋರಿಹೋಗುವುದು ಇದೇ.

ಮೂರನೆಯದು ವಸ್ತುಗಳ ಹಾಸ್ಯ. ರಾಜಭೋಜನದ ಮೇಜಿನ ಮೇಲೆ ಕೆಂಪು ಮತ್ತು ಕಪ್ಪು ಮೀನುಮೊಟ್ಟೆಯ ಕ್ಯಾವಿಯರ್ ರಾಶಿರಾಶಿಯಾಗಿ ಹರಿವಾಣಗಳಲ್ಲಿದೆ. ಕೊನೆಗೆ ಒಂದು ಪುಟ್ಟ ಬಟ್ಟಲಿನಲ್ಲಿ ಬರುವುದು ಬದನೆಕಾಯಿಯ ‘ಕ್ಯಾವಿಯರ್’. ಅದನ್ನು ಕಡಲಾಚೆಯ ಅಪರೂಪದ ಪದಾರ್ಥವೆಂದು ಭಯಭಕ್ತಿಯಿಂದ ಬಣ್ಣಿಸಲಾಗುತ್ತದೆ. ಸೋವಿಯತ್ ಅಂಗಡಿಗಳಲ್ಲಿ ಪರಿಸ್ಥಿತಿ ತದ್ವಿರುದ್ಧ: ಬದನೆಕಾಯಿ ಪಲ್ಯದ ಡಬ್ಬಿಗಳು ಅಗ್ಗವಾಗಿ ಎಲ್ಲೆಡೆ ಸಿಗುತ್ತಿದ್ದವು, ಮೀನಿನ ಮೊಟ್ಟೆ ಕಾಣಲೂ ಸಿಗುತ್ತಿರಲಿಲ್ಲ. ಸಿಂಹಾಸನ, ಮೊಟ್ಟೆ, ಡಬ್ಬಿ ಇವುಗಳ ಬೆಲೆ ಕಾಲದೊಡನೆ ಬದಲಾಗುವುದನ್ನು ಚಿತ್ರ ಒಂದು ಬಟ್ಟಲಿನಲ್ಲಿ ತೋರಿಸಿಬಿಡುತ್ತದೆ, ಒಂದು ಮಾತಿನ ವ್ಯಾಖ್ಯಾನವೂ ಇಲ್ಲದೆ.

ಹಾಡುಗಳು

ಕಳ್ಳ ಔತಣದಲ್ಲಿ ಹಾಡುವ ‘ಅದೃಷ್ಟದೊಡನೆ ಮಾತುಕತೆ’ಯ ಹಿನ್ನೆಲೆ ಗಾಯನ ತಗಾಂಕಾ ರಂಗಮಂದಿರದ ನಟ ವಲೇರಿ ಜೊಲತೂಖಿನ್‌ದು. ಜನವರಿಯ ಹಿಮಗಾಳಿಯ ಹಾಡನ್ನು ಹಾಡಿದಾಕೆ ನೀನಾ ಬ್ರೋದ್‌ಸ್ಕಯಾ. ಯುದ್ಧಕ್ಕೆ ಹೊರಟ ಸೈನ್ಯ ಹಾಡುವ ಮರೂಸ್ಯಾಳ ಹಾಡು ಜಾನಪದದ ಧಾಟಿಯದಾದರೂ ಜತ್ಸೇಪಿನ್ ಮತ್ತು ದೆರ್ಬೆನ್ಯೊವ್‌ರ ಸ್ವಂತ ರಚನೆ.

ಇತಿಹಾಸ ಮತ್ತು ಚಿತ್ರ

ಭಯಂಕರ ಇವಾನ್, ಅಂದರೆ ನಾಲ್ಕನೆಯ ಇವಾನ್, ಹುಟ್ಟಿದ್ದು 1530ರಲ್ಲಿ. ಮೂರು ವರ್ಷದ ಮಗುವಾಗಿದ್ದಾಗ, 1533ರಲ್ಲಿ, ಮಾಸ್ಕೋದ ಮಹಾರಾಜಕುಮಾರನಾದ. 1547ರಲ್ಲಿ ಜಾರ್ ಆಗಿ ಕಿರೀಟ ಧರಿಸಿ 1584ರಲ್ಲಿ ತೀರಿಕೊಂಡ. ಚಿತ್ರದಲ್ಲಿ ಪೊಲೀಸರಿಗೆ ದೊರೆ ಕೊಡುವ ಜನ್ಮವರ್ಷ 1533. ಅದು ಪಟ್ಟದ ವರ್ಷವೇ ಹೊರತು ಹುಟ್ಟಿದ ವರ್ಷವಲ್ಲ. ರಾಣಿ ಮಾರ್ಫಾ ವಸೀಲ್ಯೆವ್ನಾ ಸಬಾಕಿನಾ ಐತಿಹಾಸಿಕ ವ್ಯಕ್ತಿ, ದೊರೆಯ ಮೂರನೆಯ ಹೆಂಡತಿ. 1571ರಲ್ಲಿ ಮದುವೆಯಾದ ಕೆಲವೇ ದಿನಗಳಲ್ಲಿ ಸತ್ತಳು. ಕ್ರಿಮಿಯದ ಖಾನ ದೆವ್ಲೆತ್ ಗಿರಾಯ್ ಮಾಸ್ಕೋವನ್ನು ಸುಟ್ಟದ್ದೂ ಅದೇ 1571ರಲ್ಲಿ. ಸ್ವೀಡನ್ನಿನೊಡನೆಯ ಹೋರಾಟ ಲಿವೋನಿಯಾ ಯುದ್ಧದ (1558–1583) ಭಾಗವಾಗಿದ್ದು, ಪ್ಲ್ಯೂಸ್ಸಾ ಒಪ್ಪಂದದಲ್ಲಿ ಇವಾನ್ ನೆಲ ಕಳೆದುಕೊಂಡ. ಹೀಗೆ ತಮಾಷೆಯ ತಳದಲ್ಲಿರುವ ಬೆದರಿಕೆಗಳು ಕಟ್ಟುಕಥೆಯಲ್ಲ.

ಸೋವಿಯತ್ ಪ್ರೇಕ್ಷಕರ ಮನಸ್ಸಿನಲ್ಲಿ ಇವಾನನ ಚಿತ್ರ ಬೇರೂರಿದ್ದು ಸೆರ್ಗೆಯ್ ಐಸೆನ್‌ಸ್ಟೈನ್‌ನ ‘ಇವಾನ್ ಗ್ರೋಜ್ನಿ’ಯಿಂದ. ಅದರ ಮೊದಲ ಭಾಗಕ್ಕೆ ಸ್ಟಾಲಿನ್ ಬಹುಮಾನ ಬಂತು. ಎರಡನೆಯ ಭಾಗ ನಿಷೇಧಗೊಂಡು 1958ರವರೆಗೆ ತೆರೆ ಕಾಣಲಿಲ್ಲ. ಆ ಕತ್ತಲು, ನೆರಳು, ಗಾಂಭೀರ್ಯದ ದೊರೆಯನ್ನು ಲಿಫ್ಟಿನಲ್ಲಿ ಸಿಕ್ಕಿಸಿದ್ದು ಗೈದಾಯ್‌ನ ಚಿತ್ರ.

ಬಿಡುಗಡೆ ಮತ್ತು ಈಚಿನ ಸ್ಥಿತಿ

1973ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಚಿತ್ರ ಆ ವರ್ಷದ ದೊಡ್ಡ ಯಶಸ್ಸುಗಳಲ್ಲಿ ಒಂದು. ರಾಬರ್ಟ್ ಜೆಮೆಕಿಸ್‌ನ 1985ರ ಹಾಲಿವುಡ್ ಚಿತ್ರ ‘ಬ್ಯಾಕ್ ಟು ದಿ ಫ್ಯೂಚರ್’ ಗೆದ್ದ ಮೇಲೆ, ಅಮೆರಿಕದ ಮಾರುಕಟ್ಟೆಯಲ್ಲಿ ಇದಕ್ಕೆ ‘ಇವಾನ್ ವಸೀಲ್ಯೆವಿಚ್: ಬ್ಯಾಕ್ ಟು ದಿ ಫ್ಯೂಚರ್’ ಎಂಬ ಹೆಸರು ಅಂಟಿತು, ಹನ್ನೆರಡು ವರ್ಷ ಹಿರಿಯ ಚಿತ್ರ ಕಿರಿಯದರ ಹೆಸರು ಹೊತ್ತಿತು. ರಷ್ಯಾದಲ್ಲಿ ಹೊಸ ವರ್ಷದ ರಜೆಯ ಟೆಲಿವಿಷನ್ ಕಾರ್ಯಕ್ರಮಗಳಲ್ಲಿ ಇದು ಇಂದಿಗೂ ತಪ್ಪದ ಚಿತ್ರ. ಇದರ ಹತ್ತಾರು ಮಾತುಗಳು ಗಾದೆಗಳಂತೆ ಬಳಕೆಯಲ್ಲಿವೆ. ಗಡಿವಿವಾದದ ಸುದ್ದಿಗಳಲ್ಲಿ ‘ಕೆಮ್ ಸೀಮೆ’ಯ ಪ್ರಸ್ತಾಪ ಅರ್ಥವಾಗಲು ರಷ್ಯನ್ ಓದುಗನಿಗೆ ಅಡಿಟಿಪ್ಪಣಿ ಬೇಕಿಲ್ಲ. ರಸ್ತೋವ್ ಕೋಟೆ ಈಗ ವಸ್ತುಸಂಗ್ರಹಾಲಯ. ಅಲ್ಲಿಗೆ ಬರುವ ಪ್ರವಾಸಿಗರಲ್ಲಿ ಹಲವರು ಧರ್ಮಾಧ್ಯಕ್ಷನ ನಿವಾಸಕ್ಕಿಂತ ಮೊದಲು ಹುಡುಕುವುದು ಚಿತ್ರದ ಬೆನ್ನಟ್ಟುವಿಕೆ ನಡೆದ ಓಣಿಗಳನ್ನು.

ಮೋಸ್‌ಫಿಲ್ಮ್ ಚಿತ್ರದ ಪ್ರತಿಯನ್ನು ಪುನರುಜ್ಜೀವನಗೊಳಿಸಿ ತನ್ನ ಯೂಟ್ಯೂಬ್ ವಾಹಿನಿಯಲ್ಲಿ ಇಟ್ಟಿದೆ. 2023ರ ಡಿಸೆಂಬರ್ 31ರಂದು ರಷ್ಯಾದ ಟಿಎನ್‌ಟಿ ವಾಹಿನಿ ಇದೇ ಕಥೆಯನ್ನು ಇಂದಿನ ಗಾಯಕರು, ಹಾಸ್ಯನಟರೊಡನೆ ಹೊಸದಾಗಿ ತೆಗೆದು ‘ಇವಾನ್ ವಸೀಲ್ಯೆವಿಚ್ ಎಲ್ಲವನ್ನೂ ಬದಲಿಸುತ್ತಾನೆ’ ಎಂಬ ಹೆಸರಿನಲ್ಲಿ ಪ್ರಸಾರ ಮಾಡಿತು.